ಸೇವೆ ಮಾಡೋಕೂ ಡಿಗ್ರಿ ಬೇಕಾ?

ನಾನು ಎಂ.ಟೆಕ್. ಓದಿ ಐರೋಲಿಯಲ್ಲಿ ಐಟಿ ಕೆಲಸ ಮಾಡುವವಳು. ಆಸ್ಪತ್ರೆ ಕೆಲಸದ ಓದಿನ ಬಗ್ಗೆ ನಾನೇನು ಮಾತಾಡಲಿ ಅಂದೆ. "ನಿಮ್ಮ ಅತ್ತೆಯ ಕಥೆ ಹೇಳಿ, ಸಾಕು" ಅಂದರು.

ಕಳೆದ ವರ್ಷ ಅತ್ತೆ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ರಿಪೋರ್ಟು, ಬಿಲ್ಲು, ಇನ್ಶೂರೆನ್ಸ್ ಎಲ್ಲವನ್ನೂ ಎಕ್ಸೆಲ್‌ನಲ್ಲಿ ಹಾಕಿಟ್ಟಿದ್ದೆ. ಎಲ್ಲ ನನ್ನ ಕೈಯಲ್ಲಿದೆ ಅನ್ನುವ ಜಂಬ ಬೇರೆ. ಡಿಸ್‌ಚಾರ್ಜಿನ ಹಿಂದಿನ ದಿನ ಒಬ್ಬ ಹುಡುಗಿ ಬಂದು ಮಂಚದ ಪಕ್ಕ ಕೂತಳು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ. "ಮನೆ ಎಷ್ಟನೇ ಮಹಡಿ? ಲಿಫ್ಟ್ ಇದೆಯಾ? ಕಮೋಡ್ ಇದೆಯಾ? ಹಗಲು ಮನೆಯಲ್ಲಿ ಯಾರಿರ್ತಾರೆ?" ಇದರಲ್ಲಿ ಒಂದಕ್ಕೂ ನನ್ನ ಎಕ್ಸೆಲ್‌ನಲ್ಲಿ ಕಾಲಂ ಇರಲಿಲ್ಲ. ಡೊಂಬಿವಲಿಯ ಹಳೇ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಹಗಲು ಯಾರೂ ಇಲ್ಲ. ವಾಕರ್ ಎಲ್ಲಿ ಬಾಡಿಗೆಗೆ ಸಿಗುತ್ತದೆ ಎಂಬುದರಿಂದ ಹಿಡಿದು ಎಲ್ಲ ಅವಳೇ ಬರೆಸಿದಳು.

ಹಗಲಿಗೊಬ್ಬ ಆಯಾ ಬಂದಳು. ಒಳ್ಳೆಯವಳು, ಆದರೆ ಹಿಂದಿ ಮಾತ್ರ. ಧಾರವಾಡದ ನಮ್ಮತ್ತೆ ನೋವಿದ್ದಾಗ ಹಿಂದಿ ಮರೆಯುತ್ತಾರೆ. "ಸಂಕಟ ಆಗಾಕತ್ತೈತಿ" ಅಂದರಂತೆ. ಏನೋ ಕಷ್ಟ ಬಂತು ಅಂದುಕೊಂಡು ಅವಳು ದೇವರಿದ್ದಾನೆ ಎಂದು ಸಮಾಧಾನ ಹೇಳುವಷ್ಟರಲ್ಲಿ ವಾಂತಿ ಆಗಿಹೋಗಿತ್ತು.

ಇದನ್ನೆಲ್ಲ ನೋಡಿದವಳು ನಾದಿನಿಯ ಮಗಳು. ಬಿ.ಎಸ್ಸಿ. ಕೊನೇ ವರ್ಷ. "ನಾನು ಸಮಾಜ ಕಾರ್ಯ ಓದ್ತೀನಿ" ಅಂದಳು. "ಸೇವೆ ಮಾಡೋಕೂ ಡಿಗ್ರಿ ಬೇಕಾ?" ಅಂದರು ಅವರಪ್ಪ. ನಿಜ ಹೇಳಲಾ, ನಾನೂ ಹಾಗೇ ಅಂದುಕೊಂಡಿದ್ದೆ.

ಆದರೆ ಈ ಓದು ನಮ್ಮ ಮುಂಬಯಿಗೆ ಹೊಸತಲ್ಲ. ಇಂದು ದೇವನಾರ್‌ನಲ್ಲಿರುವ ಟಾಟಾ ಸಂಸ್ಥೆ, ಟಿಸ್, 1936ರಲ್ಲಿ ನಾಗಪಾಡಾದಲ್ಲಿ ಶುರುವಾಯಿತು. ದೇಶದಲ್ಲಿ ಮೊದಲ ಬಾರಿಗೆ ವೈದ್ಯಕೀಯ ಸಮಾಜ ಕಾರ್ಯಕರ್ತರ ನೇಮಕ ಆದದ್ದು 1946ರಲ್ಲಿ, ನಮ್ಮ ಜೆ.ಜೆ. ಆಸ್ಪತ್ರೆಯಲ್ಲೇ. ನಿರ್ಮಲಾ ನಿಕೇತನದಲ್ಲೂ ಈ ಓದಿದೆ. ಯಾವುದೇ ಪದವಿಯ ಮೇಲೆ ಎರಡು ವರ್ಷದ ಸ್ನಾತಕೋತ್ತರ ಓದು, ಜೊತೆಗೆ ಕಡ್ಡಾಯ ಕ್ಷೇತ್ರಕಾರ್ಯ. 2021ರ ಆರೋಗ್ಯ ವೃತ್ತಿಗಳ ಕಾನೂನಿನ ಪಟ್ಟಿಯಲ್ಲಿ ಇವರ ಹೆಸರೂ ಸೇರಿದೆ. ಸಂಬಳ? ಐಟಿಯಷ್ಟು ಸಿಗುವುದಿಲ್ಲ, ಅದನ್ನು ಅವಳಿಗೆ ಮುಚ್ಚಿಡಲಿಲ್ಲ. ಆದರೆ ಕನ್ನಡ, ಮರಾಠಿ, ಹಿಂದಿ ಮೂರೂ ಬರುವ ನಮ್ಮ ಹುಡುಗಿಯರು ಈ ಊರಿನ ವಾರ್ಡುಗಳಲ್ಲಿ ಎಷ್ಟು ಬೇಕಾಗಿದ್ದಾರೆ ಎಂದು ಅತ್ತೆಯನ್ನೇ ಕೇಳಿ.

ಭಾವನವರು ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಪ್ರವೇಶ ಪರೀಕ್ಷೆಯ ಫೀ ಕಟ್ಟಿದ್ದಾರೆ. ಅವಳು ಭಾನುವಾರ ಬಂದು ಅಜ್ಜಿಯ ಮುಂದೆ ನೋಟ್‌ಬುಕ್ ತೆಗೆದು ಕೂರುತ್ತಾಳೆ. ಚಳಕು ಅಂದರೇನು, ಬ್ಯಾನಿ ಅಂದರೇನು, ಉರಿ ಬೇರೆ, ಸೆಳೆತ ಬೇರೆ ಅಂತ ಅತ್ತೆ ಹೇಳಿಕೊಡುತ್ತಾರೆ. ತಪ್ಪು ಬರೆದರೆ ಬೈಗುಳವೂ ಉಂಟು.