ನಕ್ಷೆಯ ಬಣ್ಣ, ಬೀದಿಯ ಬದುಕು



ಜಯನಗರದ ಅಶೋಕ ಸ್ತಂಭವನ್ನು ನೋಡದವರು ಇಲ್ಲಿ ವಿರಳ. ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ 1948ರಲ್ಲಿ ಈ ಬಡಾವಣೆಗೆ ಶಂಕುಸ್ಥಾಪನೆ ಮಾಡಿದ ನೆನಪು ಅದು. ಬ್ಲಾಕು, ಅಡ್ಡರಸ್ತೆ, ಉದ್ಯಾನಗಳನ್ನು ಮೊದಲೇ ಗೊತ್ತುಮಾಡಿ ಕಟ್ಟಿದ ಬಡಾವಣೆ ಇದು.

ಊರು ಬೆಳೆದಂತೆ ನಕ್ಷೆ ಬರೆಯುವ ಕೆಲಸಕ್ಕೆ ಸಲಹಾ ಸಂಸ್ಥೆಗಳು ಬಂದವು. ಫ್ರಾನ್ಸಿನ ಎಸ್‌ಸಿಇ ನೆರವಿನಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಸಿದ್ಧಪಡಿಸಿದ 2015ರ ಮಹಾಯೋಜನೆ ಜಾರಿಯಾದದ್ದು 2007ರಲ್ಲಿ. ವಸತಿ ಬೀದಿಗಳಿಗೂ ಅಂಗಡಿ, ಕಚೇರಿಗಳನ್ನು ಬಿಟ್ಟುಕೊಂಡ ಅದರ ಮಿಶ್ರ ಭೂಬಳಕೆಯನ್ನು ನಿವಾಸಿಗಳು ವಿರೋಧಿಸಿದರು.

ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆನ್ನುತ್ತದೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ನೆದರ್‌ಲೆಂಡ್ಸ್ ಮೂಲದ ರಾಯಲ್ ಹಾಸ್ಕೋನಿಂಗ್ ಡಿಎಚ್‌ವಿ ನೆರವಿನ 2031ರ ಕರಡು 2017ರ ನವೆಂಬರಿನಲ್ಲಿ ಹೊರಬಿತ್ತು. 2020ರಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಗಡುವು ಮೀರಿದ ಹಳೆಯ ಯೋಜನೆಯೇ ಮುಂದುವರಿಯಿತು.

ಸಲಹೆಗಾರ ಅಳೆಯುತ್ತಾನೆ, ಗೆರೆ ಎಳೆಯುತ್ತಾನೆ, ವರದಿ ಕೊಟ್ಟು ಹೋಗುತ್ತಾನೆ. ತೀರ್ಮಾನ ಪ್ರಾಧಿಕಾರದ್ದು, ಸರ್ಕಾರದ್ದು. ಫಲ ಉಣ್ಣುವವರು ಬೀದಿಯವರು. ಕರಡಿಗೆ ಆಕ್ಷೇಪಣೆ ಸಲ್ಲಿಸಲು ಕಾಯ್ದೆ ಜನರಿಗೆ ಕೊಟ್ಟಿರುವುದು 60 ದಿನ. ಮುಂದಿನ ಕರಡು ಬಂದಾಗ ಪ್ರತಿಯೊಬ್ಬರೂ ಮೊದಲು ತಮ್ಮ ಬೀದಿಯ ಬಣ್ಣ ನೋಡಲಿ: ಹಳದಿ ಎಂದರೆ ವಸತಿ, ನೀಲಿ ಎಂದರೆ ವ್ಯಾಪಾರ. ಪಕ್ಕದ ಮನೆ ಮನೆಯಾಗಿಯೇ ಉಳಿಯುವುದೋ ಇಲ್ಲವೋ, ಅಲ್ಲೇ ತಿಳಿಯುತ್ತದೆ.