ಕೂದಲು ಕೀಳುವ ಮಕ್ಕಳನ್ನು ಗದರಿಸಬೇಡಿ

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ತಲೆಗೂದಲಿನ ಬಗ್ಗೆ ಮಾತಾಡಲು ಭಾಷಾ ಅಧ್ಯಾಪಕರು ಯಾಕೆ ಎಂದು ನಿಮಗೆ ಅನಿಸಬಹುದು. ಉರ್ದು, ಕನ್ನಡ ಬರೆಸುವ ನಮಗೆ ದಿನವಿಡೀ ಕಾಣುವುದು ಮಕ್ಕಳ ಬಗ್ಗಿದ ತಲೆಗಳೇ ತಾನೆ? ಉತ್ತರ ಹೊಳೆಯದೆ ಕೂತಾಗ ಕೆಲವು ಮಕ್ಕಳ ಕೈ ತಾನಾಗಿ ನೆತ್ತಿಗೆ ಹೋಗುತ್ತದೆ. ಒಂದು ಕೂದಲನ್ನು ಹುಡುಕಿ, ಬೆರಳಿಗೆ ಸುತ್ತಿ, ಟಕ್ಕನೆ ಕಿತ್ತುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಇದು ತಿಂಗಳುಗಟ್ಟಲೆ ನಡೆದರೆ ತಲೆಯಲ್ಲಿ ಬೋಳು ಜಾಗ ಕಾಣತೊಡಗುತ್ತದೆ. ಕೆಲವರು ಹುಬ್ಬು, ರೆಪ್ಪೆಯ ಕೂದಲನ್ನೂ ಬಿಡುವುದಿಲ್ಲ.

ವೈದ್ಯರು ಇದನ್ನು ಟ್ರೈಕೊಟಿಲೊಮೇನಿಯಾ ಎನ್ನುತ್ತಾರೆ. ಫ್ರಾನ್ಸಿನ ಚರ್ಮವೈದ್ಯ ಹಲೊಪೊ 1889ರಲ್ಲಿ ಇಟ್ಟ ಹೆಸರು. ನಮ್ಮ ಮನೆಗಳಲ್ಲಿ ಇದಕ್ಕೆ 'ಕೆಟ್ಟ ಚಟ' ಎಂದೇ ಹೆಸರು. ಆ ಮಾತು ನನಗೆ ಸರಿ ಕಾಣುವುದಿಲ್ಲ. ಚಟ ಎಂದ ಕೂಡಲೇ ಮಗು ಬೇಕೆಂದೇ ಮಾಡುತ್ತಿದೆ, ಎರಡೇಟು ಬಿದ್ದರೆ ಬಿಡುತ್ತದೆ ಎಂಬ ಅರ್ಥ ಬಂದುಬಿಡುತ್ತದೆ.

ಬೀಡಿ ಕಟ್ಟುವ ತಾಯಂದಿರ ಕೈಯನ್ನು ನೀವು ನೋಡಿದ್ದೀರಿ. ಬಾಯಿ ನೆರೆಮನೆಯವರೊಡನೆ ಮಾತಾಡುತ್ತಿರುತ್ತದೆ, ಬೆರಳು ತನ್ನಷ್ಟಕ್ಕೆ ಎಲೆ ಸುರುಟುತ್ತಿರುತ್ತದೆ. ಕೂದಲು ಕೀಳುವ ಮಗುವಿನ ಕೈಯೂ ಎಷ್ಟೋ ಸಲ ಹಾಗೆಯೇ. ಕಿತ್ತದ್ದು ಗೊತ್ತಾಗುವುದು ಪುಸ್ತಕದ ಮೇಲೆ ಕೂದಲು ಬಿದ್ದ ಮೇಲೆ. ಇನ್ನು ಕೆಲವೊಮ್ಮೆ ಗೊತ್ತಿದ್ದೇ ಕೀಳುತ್ತದೆ: ಒಳಗೆ ಏನೋ ಬಿಗಿತ, ಕಿತ್ತಾಗ ಕ್ಷಣ ಹೊತ್ತು ಹಗುರ, ಆಮೇಲೆ ನಾಚಿಕೆ. ಬೈದರೆ ಆ ಬಿಗಿತ ಹೆಚ್ಚುತ್ತದೆಯೇ ಹೊರತು ಕೈ ನಿಲ್ಲುವುದಿಲ್ಲ. ಮಗು ಅಡಗಿ ಕೀಳಲು ಕಲಿಯುತ್ತದೆ, ಅಷ್ಟೇ.

ಸಾಮಾನ್ಯವಾಗಿ ಇದು ಶುರುವಾಗುವುದು 10ರಿಂದ 13ರ ಪ್ರಾಯದಲ್ಲಿ. ಹೆಣ್ಣುಮಕ್ಕಳು ಜಡೆಯನ್ನು ಓರೆಯಾಗಿ ಹಾಕಿ, ಶಾಲಿನ ಅಂಚು ಎಳೆದು ಮುಚ್ಚಿಕೊಳ್ಳುತ್ತಾರೆ. ಗಂಡುಮಕ್ಕಳು ಟೋಪಿ ತೆಗೆಯುವುದಿಲ್ಲ. ಮದುವೆ ಮನೆಗೆ ಬರುವುದಿಲ್ಲ ಎಂದು ಹಠ ಹಿಡಿಯುವ, ತಲೆಗೆ ಎಣ್ಣೆ ಹಚ್ಚಲು ಅಜ್ಜಿಯನ್ನೂ ಬಿಡದ ಮಗುವಿಗೆ ಸೊಕ್ಕು ಎಂದುಕೊಳ್ಳಬೇಡಿ.

ತಲೆ ಬೋಳಾದರೆಲ್ಲ ಇದೇ ಕಾಯಿಲೆ ಎಂದೂ ಅಲ್ಲ. ದುಂಡಗೆ, ನುಣ್ಣಗೆ ಕೂದಲು ಉದುರಿದ್ದರೆ ಅಲೊಪೇಶಿಯ ಏರಿಯೇಟಾ ಇರಬಹುದು. ಹೊಟ್ಟು, ತುರಿಕೆ ಇದ್ದರೆ ಹುಳಕಡ್ಡಿಯ ಸಂಶಯ. ಟೈಫಾಯ್ಡಿನಂಥ ಜ್ವರ ಬಂದು ಎರಡು ಮೂರು ತಿಂಗಳಾದ ಮೇಲೆ ತಲೆಯಿಡೀ ಕೂದಲು ತೆಳುವಾಗುವುದುಂಟು. ರಕ್ತಹೀನತೆ, ಥೈರಾಯ್ಡ್ ತೊಂದರೆಯೂ ಕಾರಣವಾಗಬಹುದು. ಕಿತ್ತ ಜಾಗ ಬೇರೆ ರೀತಿ: ಅಲ್ಲಿ ಉದ್ದ, ಗಿಡ್ಡ, ತುಂಡಾದ ಕೂದಲು ಉಳಿದಿರುತ್ತದೆ, ಕೈಗೆ ಒರಟಾಗಿ ತಾಗುತ್ತದೆ. ಹಾಗಾಗಿ ಮೊದಲು ಚರ್ಮದ ವೈದ್ಯರಿಗೆ ತೋರಿಸಿ. ನೂಲು ಕಟ್ಟಿಸಿ ಸುಮ್ಮನಾಗುವವರಿಗೂ ತಲೆ ಬೋಳಿಸುವವರಿಗೂ ಇದೇ ನನ್ನ ವಿನಂತಿ. ಬೋಳಿಸಿದ ತಲೆಯಲ್ಲಿ ಕೂದಲು ಬಂದ ಕೂಡಲೇ ಕೈಯೂ ಬರುತ್ತದೆ.

ಮಗು ಕಿತ್ತ ಕೂದಲನ್ನು ಬಾಯಿಗೆ ಹಾಕುತ್ತದೆಯೇ ಎಂದು ಮಾತ್ರ ತಪ್ಪದೆ ಗಮನಿಸಿ. ನುಂಗಿದ ಕೂದಲು ಜೀರ್ಣವಾಗದು. ಹೊಟ್ಟೆಯಲ್ಲಿ ಉಂಡೆಕಟ್ಟಿ ಕರುಳಿಗೆ ಅಡ್ಡವಾದರೆ ಆಪರೇಶನ್ನೇ ಬೇಕಾದೀತು. ಕೂದಲು ಕೀಳುವ ಮಗುವಿಗೆ ಹೊಟ್ಟೆನೋವು, ವಾಂತಿ ಶುರುವಾದರೆ ತಡ ಮಾಡಬೇಡಿ, ವೈದ್ಯರಿಗೆ ಈ ವಿಷಯವನ್ನು ಬಾಯಿಬಿಟ್ಟು ಹೇಳಿ.

ಈಗ ಚಿಕಿತ್ಸೆಯ ವಿಷಯ. ಹೆಚ್ಚು ಗುಣ ಕಂಡಿರುವುದು ಮಾತ್ರೆಯಿಂದಲ್ಲ, ಅಭ್ಯಾಸ ತಿರುಗಿಸುವ ತರಬೇತಿಯಿಂದ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಜ್ರಿನ್ ಮತ್ತು ನನ್ 1973ರಲ್ಲಿ ಇದನ್ನು ಪ್ರಕಟಿಸಿದರು. ಕೈ ಯಾವಾಗ ಮೇಲೇಳುತ್ತದೆ ಎಂದು ಮೊದಲು ಮಗುವೇ ಪತ್ತೆ ಮಾಡಬೇಕು: ಓದುವಾಗಲೋ, ಟಿ.ವಿ. ಮುಂದೆಯೋ, ನಿದ್ದೆ ಬರುವ ಮೊದಲೋ? ಒಂದು ಚಿಕ್ಕ ಪುಸ್ತಕದಲ್ಲಿ ಗೀಟು ಹಾಕಿದರೆ ಸಾಕು. ಆಮೇಲೆ ಕೈ ಎದ್ದ ಕ್ಷಣ ಅದಕ್ಕೆ ಬೇರೆ ಕೆಲಸ: ಮುಷ್ಟಿ ಬಿಗಿಹಿಡಿಯುವುದು, ರಬ್ಬರ್ ಚೆಂಡು ಹಿಸುಕುವುದು, ಆಸೆ ತಣಿಯುವವರೆಗೆ. ಮಲ್ಲಿಗೆ ಕಟ್ಟುವುದು, ತಸ್ಬೀಹ್ ಮಣಿ ಎಣಿಸುವುದು ಕೂಡ ಬೆರಳಿಗೆ ಕೆಲಸವೇ. ಓದುವಾಗ ತಲೆಗೆ ಬಟ್ಟೆ ಕಟ್ಟಿಕೊಳ್ಳುವುದೂ ನೆರವಾಗುತ್ತದೆ. ಮನೆಯವರ ಪಾಲಿನದು ಒಂದೇ: ಕೈ ಕೆಳಗಿಳಿದಾಗ ಶಹಬ್ಬಾಸ್ ಅನ್ನುವುದು. ಮೇಲೇರಿದಾಗ ಎಲ್ಲರೆದುರು ಹೆಸರು ಹಿಡಿದು ಕೂಗದಿರುವುದೂ ಅದರೊಳಗೇ ಬಂತು. ನಡುವೆ ಕೆಲವು ವಾರ ಹಿಂದೆ ಬಿದ್ದರೂ ತರಬೇತಿ ಬಿಡಬಾರದು.

ಮಾತ್ರೆ ಕೇಳುವವರಿಗೆ ಒಂದು ಮಾತು. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿ ವಯಸ್ಕರಲ್ಲಿ ಒಳ್ಳೆಯ ಫಲ ಕೊಟ್ಟಿತೆಂದು 2009ರ ಪರೀಕ್ಷೆಯೊಂದು ತೋರಿಸಿತು. ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ, 2013ರಲ್ಲಿ, ಹುಸಿಮಾತ್ರೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ಯಾರೋ ಹೇಳಿದರೆಂದು ಅಂಗಡಿಯಿಂದ ತಂದು ಕೊಡಬೇಡಿ. ಜೊತೆಗೆ ಆತಂಕ, ಖಿನ್ನತೆ ಇದ್ದರೆ ಅದಕ್ಕೆ ಬೇರೆ ಔಷಧಿ ಬೇಕಾಗಬಹುದು, ಅದನ್ನು ಮನೋವೈದ್ಯರು ನಿರ್ಧರಿಸಲಿ.

ಮನೋವೈದ್ಯರು ಎಂದೊಡನೆ 'ನಮ್ಮ ಮಗುವಿಗೆ ಹುಚ್ಚಾ?' ಎಂದು ಕೇಳುವವರಿದ್ದಾರೆ. ಮುಂದೆ ಸಂಬಂಧ ಕುದುರುವುದಿಲ್ಲ ಎಂಬ ಹೆದರಿಕೆಯೂ ಇದೆ. ಉಗುರು ಕಚ್ಚುವುದು, ಚರ್ಮ ಕೆರೆಯುವುದು ಇವುಗಳ ಸಾಲಿನದೇ ಈ ತೊಂದರೆ. ಅಳದಂಗಡಿಯಿಂದ ಬಸ್ಸು ಹತ್ತಿ ಮಂಗಳೂರಿಗೆ ಹೋದರೆ ವೆನ್ಲಾಕ್ ಆಸ್ಪತ್ರೆ ಇದೆ. ಮೊದಲು ಫೋನಿನಲ್ಲಿ ಮಾತಾಡೋಣ ಎನ್ನುವವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ಕೂದಲು ಮತ್ತೆ ಬರುತ್ತದೆಯೇ ಎಂದು ಕೇಳದ ತಾಯಿ ಇಲ್ಲ. ಬೇಗ ನಿಲ್ಲಿಸಿದರೆ ಹೆಚ್ಚಾಗಿ ಬರುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕಿತ್ತರೆ ಬೇರೇ ಹಾಳಾಗಿ ಕೆಲವೆಡೆ ಬಾರದೆಯೂ ಹೋಗಬಹುದು.