ಸೊನ್ನೆಯಿಂದ ಭಾಗಿಸಿದ್ದು ಯಾರು? ಹಳೇ ಸಾಫ್ಟ್‌ವೇರ್, ಹೊಸ ಲ್ಯಾಪ್‌ಟಾಪ್, ಒಂದು ಅಡಿಕೆ ಲೆಕ್ಕ

ಹೋದ ವಾರ ಕ್ರೆಡಿಟ್ ಸ್ಕೋರ್ ಬಗ್ಗೆ ಮಾತಾಡಿದ್ವಿ. ಈ ವಾರ ಕಂಪ್ಯೂಟರ್ ಕತೆ. ನಾನು ಓದಿದ್ದು ಬಿಕಾಂ, ಕೋಡಿಂಗ್ ನನಗೆ ಬರಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಕಾಮೆಂಟಲ್ಲಿ ಬೈಬೇಡಿ.

ಸಾಗರದಲ್ಲಿ ನಮ್ಮ ಚಿಕ್ಕಪ್ಪನದು ಅಡಿಕೆ ಮಂಡಿ. 2025ರ ಮಾರ್ಚ್‌ನಲ್ಲಿ ನಾನು ಅಲ್ಲಿದ್ದಾಗ ನನ್ನದೇ ವಯಸ್ಸಿನ ಒಬ್ಬ ಹುಡುಗ ಬಂದ. ಅವನ ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಅಣ್ಣತಮ್ಮಂದಿರು ತೋಟ ಹಿಸ್ಸೆ ಮಾಡ್ಕೊಳ್ಳೋಕೆ ಹೊರಟಿದ್ರು. ಅಪ್ಪನ ಕಾಗದದ ಕಟ್ಟಲ್ಲಿ ಒಂದು ಚೀಟಿ ಸಿಕ್ಕಿದೆ: 2006ರ ಆಗಸ್ಟ್, ಮುಂಗಡ 40,000 ರೂಪಾಯಿ, ನಮ್ಮ ಮಂಡಿಯ ಸೀಲು. ಅವನು ಕೇಳಿದ್ದು ಇಷ್ಟೇ: 'ಇದು ಬಾಕಿ ಇದ್ರೆ ಹೇಳಿ. ಹಿಸ್ಸೆಗೆ ಮೊದಲು ತೀರಿಸಿಬಿಡ್ತೀವಿ. ಅಪ್ಪನ ಹೆಸರಲ್ಲಿ ಸಾಲ ಉಳೀಬಾರದು.'

ಚಿಕ್ಕಪ್ಪ ಸ್ವಲ್ಪ ಯೋಚನೆ ಮಾಡಿ, 'ಹೌದು, ಬಾಕಿ ಇತ್ತು ಅನ್ಸುತ್ತೆ' ಅಂದ್ರು. ಹುಡುಗ ತಲೆಯಾಡಿಸಿದ. ನಲವತ್ತು ಸಾವಿರ ಕೊಡೋಕೆ ರೆಡಿ. ನನಗೆ ಒಂಥರಾ ಆಯ್ತು. 'ಅನ್ಸುತ್ತೆ' ಅಂದ್ರೆ ಲೆಕ್ಕ ಅಲ್ವಲ್ಲ. ಖಾತೆ ಪುಸ್ತಕ ಎಲ್ಲಿ ಅಂತ ಕೇಳಿದೆ. ಆ ವರ್ಷಗಳ ಪುಸ್ತಕಕ್ಕೆ ಗೆದ್ದಲು ಹಿಡಿದು ಯಾವತ್ತೋ ಹೋಗಿತ್ತು. ಉಳಿದಿದ್ದು ಅಟ್ಟದ ಮೇಲಿನ ಒಂದು ಹಳೇ ಕಂಪ್ಯೂಟರ್. 1997ರಲ್ಲಿ ಊರಿನ ಒಬ್ಬ ಕಾಲೇಜು ಹುಡುಗ ಮಂಡಿಗೆ ಅಂತಲೇ ಒಂದು ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟಿದ್ದ. 2009ರ ತನಕ ಅದರಲ್ಲೇ ವ್ಯವಹಾರ. ಆ ವರ್ಷ ಕಂಪ್ಯೂಟರ್ ಸುಟ್ಟುಹೋಯ್ತು. ಅಂಗಡಿಯಿಂದ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ತಂದ್ರು, ಚಾಲ್ತಿಯಲ್ಲಿದ್ದ ಖಾತೆಗಳನ್ನಷ್ಟೇ ಕೈಯಲ್ಲಿ ಹೊಡೆದ್ರು. ಈ ರೈತರು ಅಷ್ಟೊತ್ತಿಗೆ ಬೇರೆ ಮಂಡಿಗೆ ಅಡಿಕೆ ಹಾಕ್ತಿದ್ರು, ಹಾಗಾಗಿ ಅವರ ಖಾತೆ ಹೊಸದಕ್ಕೆ ಬಂದೇ ಇಲ್ಲ.

ಹುಡುಗನಿಗೆ 'ಒಂದು ವಾರ ಟೈಮ್ ಕೊಡಿ' ಅಂದೆ. ಚಿಕ್ಕಪ್ಪ ನನ್ನನ್ನ ನೋಡಿದ ರೀತಿ ಈಗಲೂ ನೆನಪಿದೆ.

ಹಾರ್ಡ್ ಡಿಸ್ಕ್ ಬದುಕಿತ್ತು, ಅದು ಅದೃಷ್ಟ. ಹಳೇ ಐಡಿಇ ಡಿಸ್ಕನ್ನ ಯುಎಸ್‌ಬಿಗೆ ಸೇರಿಸೋ ಒಂದು ಅಡಾಪ್ಟರ್ ಸಿಗುತ್ತೆ, ಆನ್‌ಲೈನಲ್ಲಿ ತರಿಸಿದೆ. ಚುಚ್ಚಿದ ತಕ್ಷಣ ಫೋಲ್ಡರ್ ಕಾಣಿಸ್ತು. ಮೊದಲ ಕೆಲಸ, ಇಡೀ ಫೋಲ್ಡರನ್ನ ಕಾಪಿ ಮಾಡಿ ಡಿಸ್ಕನ್ನ ವಾಪಸ್ ಡಬ್ಬಿಗೆ ಹಾಕಿದ್ದು. ಇಂಥ ಕೆಲಸಕ್ಕೆ ಕೈ ಹಾಕೋರು ದಯವಿಟ್ಟು ಇದನ್ನ ಮರೀಬೇಡಿ. ಏನೇ ಪ್ರಯೋಗ ಇದ್ರೂ ಕಾಪಿ ಮೇಲೆ ಮಾತ್ರ.

ಆಮೇಲೆ ಪ್ರೋಗ್ರಾಮ್ ಮೇಲೆ ಡಬಲ್ ಕ್ಲಿಕ್ ಮಾಡಿದೆ. ನನ್ನದು ವಿಂಡೋಸ್ 11. ನೀಲಿ ಪಟ್ಟಿ ಬಂತು: ಈ ಆಪ್ ನಿಮ್ಮ ಪಿಸಿಯಲ್ಲಿ ಓಡಲ್ಲ, ಸರಿಯಾದ ಆವೃತ್ತಿಗೆ ಸಾಫ್ಟ್‌ವೇರ್ ಪ್ರಕಾಶಕರನ್ನ ಕೇಳಿ. ಪ್ರಕಾಶಕರು ಅಂದ್ರೆ ಯಾರಪ್ಪ? ಆ ಕಾಲೇಜು ಹುಡುಗ ಊರು ಬಿಟ್ಟು ಇಪ್ಪತ್ತು ವರ್ಷ ಆಗಿದೆ, ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ರೈಟ್ ಕ್ಲಿಕ್ ಮಾಡಿ ಕಂಪ್ಯಾಟಿಬಿಲಿಟಿ ಸೆಟ್ಟಿಂಗ್‌ನಲ್ಲಿ ವಿಂಡೋಸ್ 95, ವಿಂಡೋಸ್ ಎಕ್ಸ್‌ಪಿ ಹೀಗೆ ಇದ್ದಬದ್ದದ್ದೆಲ್ಲ ಹಾಕಿ ನೋಡಿದೆ. ಏನೂ ಆಗಲಿಲ್ಲ. ಆಗೋದೂ ಇಲ್ಲ.

ಯಾಕೆ ಅಂದ್ರೆ, ಇದು ಡಾಸ್ ಕಾಲದ 16-ಬಿಟ್ ಪ್ರೋಗ್ರಾಮ್. 32-ಬಿಟ್ ವಿಂಡೋಸ್ ಒಳಗೆ ಇಂಥವನ್ನ ಓಡಿಸೋಕೆ ಒಂದು ಪುಟ್ಟ ಡಾಸ್ ಜಗತ್ತನ್ನ ಮೈಕ್ರೋಸಾಫ್ಟ್ ಇಟ್ಟಿತ್ತು. ಅದು ಪ್ರೊಸೆಸರಿನ ಒಂದು ವಿಶೇಷ ಮೋಡ್ ಮೇಲೆ ನಿಂತಿತ್ತು. ಪ್ರೊಸೆಸರ್ 64-ಬಿಟ್ ಮೋಡಿಗೆ ಹೋದಾಗ ಆ ವಿಶೇಷ ಮೋಡ್ ಸಿಗಲ್ಲ. ಹಾಗಾಗಿ 64-ಬಿಟ್ ವಿಂಡೋಸ್‌ನಲ್ಲಿ ಆ ಡಾಸ್ ಜಗತ್ತನ್ನೇ ಕೊಟ್ಟಿಲ್ಲ. ವಿಂಡೋಸ್ 10ರ ತನಕ 32-ಬಿಟ್ ಆವೃತ್ತಿ ಸಿಗ್ತಿತ್ತು, 11ಕ್ಕೆ ಅದೂ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಮೇಲೆ ಎಷ್ಟೋ ಅಂಗಡಿಗಳಲ್ಲಿ ಹಳೇ ಪಿಸಿ ಎತ್ತಿ ಗುಜರಿಗೆ ಹಾಕ್ತಿದ್ದಾರೆ. ನಿಮ್ಮ ಮನೇಲೂ ಹಾಗೇ ಇದ್ರೆ, ಒಳಗೆ ಏನಿದೆ ಅಂತ ಒಂದ್ಸಲ ನೋಡಿ ಹಾಕಿ.

ದಾರಿ ಸಿಕ್ಕಿದ್ದು ಡಾಸ್‌ಬಾಕ್ಸ್ ಅನ್ನೋ ಉಚಿತ ಪ್ರೋಗ್ರಾಮಲ್ಲಿ. ಹಳೇ ಡಾಸ್ ಗೇಮ್ ಆಡೋರಿಗಾಗಿ ಮಾಡಿದ್ದು ಇದು. ಪ್ರಿನ್ಸ್ ಆಫ್ ಪರ್ಶಿಯಾ, ಡೇವ್, ಇವನ್ನ ನಿಮ್ಮ ಅಣ್ಣಂದಿರನ್ನ ಕೇಳಿ, ಕಣ್ಣಲ್ಲಿ ನೀರು ಬರುತ್ತೆ. ಒಂದು ಇಡೀ ಹಳೇ ಕಂಪ್ಯೂಟರನ್ನ ಸಾಫ್ಟ್‌ವೇರಲ್ಲೇ ನಟಿಸಿ ತೋರಿಸುತ್ತೆ. ಕಾಪಿ ಮಾಡಿದ ಫೋಲ್ಡರನ್ನ ಮೌಂಟ್ ಅನ್ನೋ ಕಮ್ಯಾಂಡಿಂದ ಅದರ ಸಿ ಡ್ರೈವ್ ಮಾಡಿ, ಪ್ರೋಗ್ರಾಮಿನ ಹೆಸರು ಹೊಡೆದೆ. ಬಂತು! ಕಪ್ಪು ಪರದೆ, ಹಳದಿ ಅಕ್ಷರ, ಇಂಗ್ಲಿಷ್ ಲಿಪಿಯಲ್ಲಿ ಅಚ್ಚ ಕನ್ನಡದ ಮೆನು: ಮುಂಗಡ, ತೂಕ, ಹಮಾಲಿ, ಖಾತೆ. ಚಿಕ್ಕಪ್ಪ ಹಿಂದೆ ಬಂದು ನಿಂತು, 'ಓ, ಇದೇ ಇದೇ' ಅಂದ್ರು.

ಆದರೆ ಸಿಕ್ಕಾಪಟ್ಟೆ ನಿಧಾನ. ಹನ್ನೆರಡು ವರ್ಷದ ಲೆಕ್ಕದಲ್ಲಿ ಒಂದು ಹೆಸರು ಹುಡುಕೋಕೆ ಕೊಟ್ರೆ ಚಾ ಕುಡಿದು ಬರಬಹುದು. ಡಾಸ್‌ಬಾಕ್ಸಿನ ಸೆಟ್ಟಿಂಗ್ ಫೈಲಲ್ಲಿ ಸೈಕಲ್ಸ್ ಅಂತ ಒಂದು ಸಾಲು ಇದೆ, ನಕಲಿ ಕಂಪ್ಯೂಟರ್ ಎಷ್ಟು ವೇಗವಾಗಿ ಓಡಬೇಕು ಅನ್ನೋದು. ನಾನು ಜಾಣತನ ತೋರಿಸೋಕೆ ಹೋಗಿ ಅದನ್ನ ಮ್ಯಾಕ್ಸ್ ಮಾಡಿ ಮತ್ತೆ ಶುರು ಮಾಡಿದೆ. ಮೆನು ಬರೋ ಮೊದಲೇ ಒಂದು ಸಾಲು: ರನ್‌ಟೈಮ್ ಎರರ್ 200. ಅಷ್ಟೇ, ಪ್ರೋಗ್ರಾಮ್ ಬಂದ್.

200 ಅಂದ್ರೇನು ಅಂತ ಹುಡುಕಿದರೆ 'ಸೊನ್ನೆಯಿಂದ ಭಾಗಾಕಾರ' ಅಂತ ಇದೆ. ನನ್ನ ಎದೆ ಧಸಕ್ಕಂತು. ಲೆಕ್ಕದ ಫೈಲಲ್ಲಿ ಎಲ್ಲೋ ತೂಕವೋ ದರವೋ ಸೊನ್ನೆಯಾಗಿದೆ, ನಾನೇ ಡೇಟಾ ಹಾಳು ಮಾಡಿದೆ ಅಂದ್ಕೊಂಡೆ. ಇನ್ನೊಂದು ಕಾಪಿ ತಗೊಂಡೆ, ಅದೇ ಎರರ್. ಡೇಟಾ ಫೈಲನ್ನೇ ತೆಗೆದು ನೋಡಿದೆ, ಆಗಲೂ ಅದೇ! ಡೇಟಾನೇ ಇಲ್ಲದಾಗ ಭಾಗಿಸ್ತಿರೋದಾದ್ರೂ ಏನನ್ನ? ಇಲ್ಲಿ ನನಗೆ ಮೊದಲ ಸಲ ಅನುಮಾನ ಬಂತು, ಈ ಮೆಸೇಜ್ ಬೇರೆ ಏನೋ ಹೇಳ್ತಿದೆ ಅಂತ. ಎರಡು ರಾತ್ರಿ ಕೂತು ಓದಿದೆ. ನನಗೆ ಅರ್ಥವಾದಷ್ಟು ಹೇಳ್ತೀನಿ, ಯಾಕಂದ್ರೆ ಇದು ನಿಜಕ್ಕೂ ಮಜಾ ಇದೆ.

ಪ್ರೋಗ್ರಾಮ್ ಬರೆದಿದ್ದು ಬೋರ್‌ಲ್ಯಾಂಡ್ ಕಂಪನಿಯ ಟರ್ಬೋ ಪಾಸ್ಕಲ್‌ನಲ್ಲಿ. (ಅದರ ಮೂಲ ಕರ್ತೃ ಆಂಡರ್ಸ್ ಹೈಲ್ಸ್‌ಬರ್ಗ್. ಆಮೇಲೆ ಸಿ ಶಾರ್ಪ್, ಟೈಪ್‌ಸ್ಕ್ರಿಪ್ಟ್ ಮಾಡಿದ್ದೂ ಅವರೇ.) ಅದರಲ್ಲಿ ಸಿಆರ್‌ಟಿ ಅಂತ ಒಂದು ತಯಾರಾದ ಭಾಗ ಇರುತ್ತೆ, ಪರದೆಯ ಬಣ್ಣ, ಬೀಪ್ ಶಬ್ದ, ಸ್ವಲ್ಪ ಹೊತ್ತು ಕಾಯೋದು, ಇದಕ್ಕೆಲ್ಲ. ಸರಿಯಾಗಿ ಕಾಯಬೇಕು ಅಂದ್ರೆ ಕಂಪ್ಯೂಟರ್ ವೇಗ ಗೊತ್ತಿರಬೇಕಲ್ಲ? ಅದಕ್ಕೇ ಪ್ರೋಗ್ರಾಮ್ ಶುರುವಾದ ಕ್ಷಣದಲ್ಲಿ ಒಂದು ಖಾಲಿ ಲೂಪ್ ಸುತ್ತಿಸಿ, 55 ಮಿಲಿಸೆಕೆಂಡಲ್ಲಿ ಎಷ್ಟು ಸುತ್ತು ಆಯ್ತು ಅಂತ ಎಣಿಸುತ್ತೆ. ಅದನ್ನ 55ರಿಂದ ಭಾಗಿಸಿದ್ರೆ ಒಂದು ಮಿಲಿಸೆಕೆಂಡಿಗೆ ಎಷ್ಟು ಅಂತ ಸಿಗುತ್ತೆ. ಉತ್ತರ ಇಡೋಕೆ ಇರೋದು 16 ಬಿಟ್ ಜಾಗ, ಅಂದ್ರೆ 65,535ರ ತನಕ ಮಾತ್ರ. ಆಗಿನ ಕಂಪ್ಯೂಟರಿಗೆ ಅದು ಧಾರಾಳ. ಆದರೆ ಎಣಿಕೆ 36 ಲಕ್ಷ ದಾಟಿದ್ರೆ ಉತ್ತರ ಆ ಜಾಗದಲ್ಲಿ ಹಿಡಿಸಲ್ಲ. ಹಿಡಿಸದಿದ್ರೆ ಪ್ರೊಸೆಸರ್ ಎತ್ತೋ ಕೆಂಪು ಬಾವುಟ, ಸೊನ್ನೆಯಿಂದ ಭಾಗಿಸಿದಾಗ ಎತ್ತೋ ಬಾವುಟ, ಎರಡೂ ಒಂದೇ! ನಮ್ಮ ಅಂಗಡಿ ಕ್ಯಾಲ್ಕುಲೇಟರ್ ಇದೆಯಲ್ಲ, ಸೊನ್ನೆಯಿಂದ ಭಾಗಿಸಿದ್ರೂ ಇ ಅಂತ ತೋರಿಸುತ್ತೆ, ಉತ್ತರ ಪರದೆಗೆ ಹಿಡಿಸದಿದ್ರೂ ಇ ಅಂತಲೇ ತೋರಿಸುತ್ತೆ. ಥೇಟ್ ಹಾಗೆ.

ಅಂದ್ರೆ ಯಾರೂ ಸೊನ್ನೆಯಿಂದ ಭಾಗಿಸಿರಲಿಲ್ಲ. ಕಂಪ್ಯೂಟರ್ ಜಾಸ್ತಿ ಜೋರಾಗಿತ್ತು, ಅಷ್ಟೇ. 90ರ ದಶಕದ ಕೊನೆಗೆ 200 ಮೆಗಾಹರ್ಟ್ಸ್ ಆಸುಪಾಸಿನ ಮತ್ತು ಅದಕ್ಕಿಂತ ವೇಗದ ಪೆಂಟಿಯಂಗಳು ಬಂದಾಗಲೇ ಲೋಕದ ತುಂಬ ಇದೇ ಎರರ್ ಬಂದಿತ್ತಂತೆ. ಇಲ್ಲಿ ಹಳೇ ಕಂಪ್ಯೂಟರನ್ನ ಯಾರೂ ಬದಲಾಯಿಸಲೇ ಇಲ್ಲ, ಅದಕ್ಕೇ ಗೊತ್ತಾಗಿಲ್ಲ.

ಪರಿಹಾರ ಸಿಲ್ಲಿ ಅನ್ನೋಷ್ಟು ಸುಲಭ. ಆ ಎಣಿಕೆ ನಡೆಯೋದು ಶುರುವಿನಲ್ಲಿ ಒಂದೇ ಸಲ. ಹಾಗಾಗಿ ಕಡಿಮೆ ವೇಗದಲ್ಲಿ ಪ್ರೋಗ್ರಾಮ್ ಎಬ್ಬಿಸಬೇಕು. ಮೆನು ಬಂದಮೇಲೆ ಕಂಟ್ರೋಲ್ ಹಿಡಿದು ಎಫ್12 ಒತ್ತುತ್ತಾ ಹೋದ್ರೆ ವೇಗ ಏರುತ್ತೆ, ಎಫ್11 ಒತ್ತಿದ್ರೆ ಇಳಿಯುತ್ತೆ. ಮುದುಕರನ್ನ ನಿಧಾನವಾಗಿ ಎಬ್ಬಿಸಿ, ಆಮೇಲೆ ಕೆಲಸ ಹೇಳಿದ ಹಾಗೆ. ಎರರ್ ತಪ್ಪಿಸೋಕೆ ಪ್ರೋಗ್ರಾಮ್ ಫೈಲನ್ನೇ ತಿದ್ದೋ ಪ್ಯಾಚ್‌ಗಳೂ ಇವೆ. ಬೇರೆಯವರ ದುಡ್ಡಿನ ಲೆಕ್ಕ ಇದ್ದಿದ್ರಿಂದ ನಾನು ಅದಕ್ಕೆ ಕೈ ಹಾಕಲಿಲ್ಲ.

ಇಷ್ಟೆಲ್ಲ ಆಗಿ ರೈತರ ಹೆಸರು ಹೊಡೆದರೆ, 'ವ್ಯವಹಾರ ಇಲ್ಲ' ಅಂತು. ಅಯ್ಯೋ ದೇವ್ರೇ. ಇದಕ್ಕೆ ಮಾತ್ರ ಚಿಕ್ಕಪ್ಪನೇ ಉತ್ತರ ಕೊಟ್ರು. ಶುರುವಿನಲ್ಲಿ ಅದು ಇವತ್ತಿನ ತಾರೀಖು ಕೇಳುತ್ತೆ, ವರ್ಷಕ್ಕೆ ಎರಡೇ ಅಂಕಿ. ನಾನು 25 ಹಾಕಿದ್ದೆ. 1999ರ ಡಿಸೆಂಬರಲ್ಲಿ ವೈಟುಕೆ ಗಲಾಟೆ ಜೋರಾಗಿದ್ದಾಗ ಅದೇ ಹುಡುಗನನ್ನ ಕರೆಸಿ ರಿಪೇರಿ ಮಾಡಿಸಿದ್ರಂತೆ. 20ಕ್ಕಿಂತ ಕಮ್ಮಿ ಇದ್ರೆ ಎರಡು ಸಾವಿರದ್ದು, ಜಾಸ್ತಿ ಇದ್ರೆ ಸಾವಿರದ ಒಂಬೈನೂರರದ್ದು ಅಂತ ಅವನು ಗೆರೆ ಎಳೆದಿದ್ದ. ಪ್ರೋಗ್ರಾಮ್ ಪ್ರಕಾರ ನಾನು ಕೂತಿದ್ದು 1925ರಲ್ಲಿ. ಅವತ್ತಿಗೆ ಮಂಡಿಯೇ ಇರಲಿಲ್ಲ, ವ್ಯವಹಾರ ಎಲ್ಲಿಂದ ಬರಬೇಕು? ಹೊರಗೆ ಬಂದು 31-03-09 ಅಂತ ಹಾಕಿದೆ. ಕಾಮರ್ಸ್‌ನವರಿಗೆ ಮಾರ್ಚ್ 31ಕ್ಕಿಂತ ಒಳ್ಳೇ ತಾರೀಖು ಇದೆಯಾ?

ಖಾತೆ ತೆರೀತು. 2006ರ ಆಗಸ್ಟ್, ಮುಂಗಡ 40,000. 2007ರ ಫೆಬ್ರವರಿ, ರಾಶಿ ಅಡಿಕೆ, ಹಮಾಲಿ ಕಮಿಷನ್ ಎಲ್ಲ ಕಳೆದು ಜಮಾ 48,015. ಅದೇ ದಿನ ಆರು ತಿಂಗಳ ಬಡ್ಡಿ 1,800. ಕೊನೆ ಸಾಲಲ್ಲಿ 6,215, ಪಕ್ಕದಲ್ಲಿ ಇಂಗ್ಲಿಷಿನ ಜೆ ಅಕ್ಷರ. 2008ರಲ್ಲೂ ಅದೇ ಮೊತ್ತ ಮುಂದಕ್ಕೆ ಬಂದಿತ್ತು, 2009ರಲ್ಲೂ.

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡ್ರು. 'ಜೆ ಅಂದ್ರೆ ಜಮಾನೇ ಅಲ್ವಾ?' ಅಂದ್ರು. ಅವರಿಗೆ ಗೊತ್ತಿತ್ತು. ಹಾಗೆ ಹಾಕು ಅಂತ ಆ ಹುಡುಗನಿಗೆ ಹೇಳಿದ್ದೇ ಅವರು.

ಅಂದ್ರೆ ಅವರು ನಮಗೆ ಕೊಡಬೇಕಾಗಿದ್ದು ಏನೂ ಇರಲಿಲ್ಲ. ನಾವೇ ಅವರಿಗೆ ಕೊಡಬೇಕಿತ್ತು, ಹದಿನೆಂಟು ವರ್ಷದಿಂದ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಕೇಳಿದ್ರು, 'ಆ 1,800 ಎಷ್ಟು ಪರ್ಸೆಂಟ್ ಬಿತ್ತು?' ವರ್ಷಕ್ಕೆ 9 ಅಂದೆ. ಕ್ಯಾಲ್ಕುಲೇಟರ್ ಎಳ್ಕೊಂಡ್ರು. 6,215ಕ್ಕೆ 9 ಪರ್ಸೆಂಟ್, ಹದಿನೆಂಟು ವರ್ಷ, ಸರಳ ಬಡ್ಡಿ. ಅಸಲು ಸೇರಿಸಿ 16,283. ಚಕ್ರಬಡ್ಡಿ ಹಾಕಿದ್ರೆ ಎಷ್ಟಾಗುತ್ತೆ ಅಂತ ಹೇಳೋಕೆ ನಾನು ಬಾಯಿ ತೆರೆದೆ, ಅವರು ನನ್ನ ಮುಖ ನೋಡಿದ್ರು, ಸುಮ್ಮನಾದೆ.

ಆ ಹುಡುಗ ಬಂದಾಗ ಖಾತೆಯ ಪ್ರಿಂಟ್ ಕೇಳಿದ, ಅಣ್ಣತಮ್ಮಂದಿರಿಗೆ ತೋರಿಸಬೇಕಲ್ಲ. ಮಾಮೂಲಿ ಡಾಸ್‌ಬಾಕ್ಸ್ ಪ್ರಿಂಟ್ ಮಾಡಲ್ಲ. ಡಾಸ್‌ಬಾಕ್ಸ್-ಎಕ್ಸ್ ಅಂತ ಅದರದೇ ಇನ್ನೊಂದು ರೂಪದಲ್ಲಿ ಆ ಸೌಕರ್ಯ ಇದೆ, ಆದರೆ ನನಗೆ ಅವತ್ತು ಅಷ್ಟು ತಾಳ್ಮೆ ಇರಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ವಿ. ಕಪ್ಪು ಹಿನ್ನೆಲೆ, ಇಂಕ್ ಜಾಸ್ತಿ ಹೋಯ್ತು ಅಂತ ಅಂಗಡಿಯವನು ಎರಡು ರೂಪಾಯಿ ಹೆಚ್ಚು ತಗೊಂಡ. ಚಿಕ್ಕಪ್ಪ ಅದರ ಕೆಳಗೆ ಸೈನ್ ಮಾಡಿ, ಸೀಲು ಒತ್ತಿ, ಚೆಕ್ ಜೊತೆ ಕೊಟ್ರು.

ನಿಮ್ಮ ಮನೆ ಅಟ್ಟದಲ್ಲೂ ಇಂಥ ಡಬ್ಬಿ ಇದ್ರೆ, ಯಾವ ಎರರ್ ಬಂತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.